ಅಭಿಪ್ರಾಯಭೇದ, ಪಂಕ್ತಿಭೇದ

ಅಭಿಪ್ರಾಯಗಳು ಬೇರೆಯಾದರೂ ಪ್ರೀತಿಯಿಂದ ಬಾಳಬೇಕು ಎಂಬ ಮಾತಿಗೆ ಎದುರಾಡುವವರನ್ನು ನಾನು ಇದುವರೆಗೆ ಕಂಡಿಲ್ಲ. ಚರ್ಚಿನಲ್ಲಿ ಬೋಧಕರು ಈ ಮಾತು ಹೇಳಿದಾಗ ಮುಂದಿನ ಬೆಂಚಿನವರೂ ತಲೆದೂಗುತ್ತಾರೆ, ಹಿಂದಿನ ಬೆಂಚಿನವರೂ ತಲೆದೂಗುತ್ತಾರೆ. ಆರಾಧನೆ ಮುಗಿದ ಮೇಲೆ ಇಬ್ಬರೂ ಬೇರೆ ಬೇರೆ ಬಾಗಿಲಿನಿಂದ ಹೊರಟು ಮನೆ ಸೇರುತ್ತಾರೆ. ಎಲ್ಲರೂ ಇಷ್ಟು ಸುಲಭವಾಗಿ ಒಪ್ಪುವ ಮಾತಿನಲ್ಲಿ ಏನೋ ಒಂದು ಹೇಳದೆ ಉಳಿದಿರಬೇಕೆಂದು ನನ್ನ ಸಂಶಯ. ಯಾವ ಅಭಿಪ್ರಾಯ? ಪ್ರೀತಿಗಾಗಿ ಬಿಟ್ಟುಕೊಡತಕ್ಕವರು ಯಾರು? ನಾನೋ, ಎದುರಿನವನೋ? ಅಥವಾ ನಮ್ಮಿಬ್ಬರ ಸ್ನೇಹದ ಖರ್ಚನ್ನು ಹೊರುವ ಮೂರನೆಯವನೊಬ್ಬ ಬಾಗಿಲಾಚೆ ನಿಂತಿದ್ದಾನೋ? ಇಷ್ಟನ್ನು ಕೇಳದೆ ಹೋದರೆ ಆ ಮಾತಿಗೆ ಲಗ್ನಪತ್ರಿಕೆಯ ಕೊನೆಯ ಸಾಲಿಗಿರುವಷ್ಟೇ ಬೆಲೆ.

ನಾನು ಬೆಂಗಳೂರಿನ ಒಂದು ಕ್ರೈಸ್ತ ಮನೆತನಕ್ಕೆ ಸೇರಿದವನು. ತಂದೆಯ ಕಡೆಯವರು ವೆಸ್ಲಿಯನ್ ಮಿಷನ್ನಿನವರು, ತಾಯಿಯ ಕಡೆಯವರು ಬಾಸೆಲ್ ಮಿಷನ್ನಿನವರು. ಸೋದರತ್ತೆಯೊಬ್ಬರು ಕಥೋಲಿಕರ ಮನೆ ಸೇರಿದರು. ಹಬ್ಬದ ದಿನ ಒಂದೇ ಹಜಾರದಲ್ಲಿ ಮೂರು ಬಗೆಯ ಪ್ರಾರ್ಥನೆ ಕೇಳಿ ಬೆಳೆದವನಾದ್ದರಿಂದ ಈ ಪ್ರಶ್ನೆ ನನಗೆ ಪುಸ್ತಕದ್ದಲ್ಲ. ಬೇರೆ ಮತದ ವಾಚಕರಿಗೂ ಇದು ದೂರದ್ದೆನಿಸಲಾರದು. ಶಂಕರ, ರಾಮಾನುಜ, ಮಧ್ವರ ಅನುಯಾಯಿಗಳು ಒಂದೇ ಬೀದಿಯಲ್ಲಿ ಬಾಳಿದ ನಾಡು ಇದು. ವಾದ ಎಲ್ಲಿ ಮುಗಿಯುತ್ತದೆ, ಊಟದ ಎಲೆ ಎಲ್ಲಿ ಬೇರೆಯಾಗುತ್ತದೆ ಎಂಬುದು ನಮ್ಮಲ್ಲಿ ಯಾರಿಗೂ ಹೊಸದಾಗಿ ಹೇಳಿಕೊಡಬೇಕಾದ ಸಂಗತಿಯಲ್ಲ.

ಕ್ರೈಸ್ತಸಭೆಯ ಮೊದಮೊದಲ ಜಗಳಗಳಲ್ಲಿ ದೊಡ್ಡವು ಎರಡೂ ಊಟದವೇ. ಗ್ರೀಸಿನ ಕೊರಿಂಥ ಪಟ್ಟಣದ ಮಾಂಸದಂಗಡಿಗಳಿಗೆ ದೇವಾಲಯಗಳಲ್ಲಿ ಬಲಿಯಾದ ಪ್ರಾಣಿಗಳ ಮಾಂಸವೂ ಮಾರಾಟಕ್ಕೆ ಬರುತ್ತಿತ್ತು. ಕ್ರೈಸ್ತನಾದವನು ಅದನ್ನು ತಿನ್ನಬಹುದೆ? ದೇವರು ಒಬ್ಬನೇ ಆದಮೇಲೆ ಮಾಂಸ ಬರಿಯ ಮಾಂಸ, ಅದಕ್ಕೇನು ದೋಷ, ಎಂದರು ತಿಳಿವಳಿಕೆಯುಳ್ಳವರು. ನಿನ್ನೆಯವರೆಗೆ ಆ ದೇವಾಲಯಕ್ಕೇ ನಡೆದುಕೊಂಡಿದ್ದವರಿಗೆ ಅದನ್ನು ಬಾಯಿಗಿಡಲು ಮನಸ್ಸು ಅಳುಕುತ್ತಿತ್ತು. ಕ್ರಿ.ಶ. 55ರ ಸುಮಾರಿಗೆ ಪೌಲ ಈ ಬಗ್ಗೆ ಅವರಿಗೆ ಪತ್ರ ಬರೆದ. ಆ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಒಂದು ಸಂಗತಿ. ಪೌಲನ ಮತದಂತೆ ತಿಳಿವಳಿಕೆಯುಳ್ಳವರ ವಾದವೇ ಸರಿ. ಅದನ್ನು ಅವನು ಮುಚ್ಚಿಡುವುದಿಲ್ಲ. ಸರಿಯಾದ ಪಕ್ಷವನ್ನು ಹಿಡಿದವರಿಗೇ ಅವನು ಹೇಳುತ್ತಾನೆ: ನಿಮ್ಮ ಊಟದಿಂದ ಇನ್ನೊಬ್ಬನು ತನ್ನ ಮನಸ್ಸಾಕ್ಷಿಯನ್ನು ತುಳಿದು ನಡೆಯುವಂತಾಗುವುದಾದರೆ ನೀವೇ ಬಿಡಿರಿ, ನಾನಾದರೂ ಬಿಟ್ಟೇನು, ಎಂದು. ತಪ್ಪಿದವನು ತಿದ್ದಿಕೊಳ್ಳಲಿ ಎಂಬುದು ಲೋಕರೂಢಿ. ಇಲ್ಲಿ ಸರಿಯಿದ್ದವನು ತನ್ನ ಹಕ್ಕನ್ನು ಕೆಳಗಿಡಬೇಕು, ಅಭಿಪ್ರಾಯವನ್ನು ಮಾತ್ರ ಹಾಗೆಯೇ ಇಟ್ಟುಕೊಂಡಿರಬಹುದು.

ಇಷ್ಟೇ ಆಗಿದ್ದರೆ ಪೌಲನನ್ನು ಮೃದುಸ್ವಭಾವದವನೆಂದು ಹೊಗಳಿ ಮುಗಿಸಬಹುದಾಗಿತ್ತು. ಅದಕ್ಕೆ ಕೆಲವು ವರ್ಷ ಹಿಂದೆ ಸಿರಿಯದ ಅಂತಿಯೋಕ್ಯದಲ್ಲಿ ನಡೆದದ್ದು ಬೇರೆ. ಅಲ್ಲಿ ಯೆಹೂದ್ಯ ಕ್ರೈಸ್ತರೂ ಅನ್ಯಜನಾಂಗದ ಕ್ರೈಸ್ತರೂ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಪೇತ್ರನೂ ಉಣ್ಣುತ್ತಿದ್ದ. ಯೆರೂಸಲೇಮಿನಿಂದ ಕೆಲವರು ಮಡಿವಂತರು ಬಂದರು. ಪೇತ್ರ ಮೆಲ್ಲನೆ ಎದ್ದು ಬೇರೆ ಪಂಕ್ತಿಗೆ ಸರಿದ. ಬಾರ್ನಬನಂಥ ಸಾಧುವೂ ಅವನ ಹಿಂದೆ ಹೋದ. ಆಗ ಪೌಲ ಎಲ್ಲರೆದುರಿಗೆ, ಸಭೆಯ ಹಿರಿಯನೆಂಬ ದಾಕ್ಷಿಣ್ಯವನ್ನೂ ನೋಡದೆ, ಪೇತ್ರನನ್ನು ಮುಖಕ್ಕೆ ಮುಖ ಕೊಟ್ಟು ತರಾಟೆಗೆ ತೆಗೆದುಕೊಂಡ. ಪೇತ್ರನ ಪರವಾಗಿಯೂ ಹೇಳುವುದಕ್ಕೆ ಮಾತಿತ್ತು: ಬಂದವರ ಮನಸ್ಸು ನೋಯಬಾರದೆಂದು ಸರಿದೆ, ಇದೂ ಪ್ರೀತಿಯಲ್ಲವೆ? ಪೌಲ ಅದನ್ನು ಪ್ರೀತಿಯೆಂದು ಎಣಿಸಲಿಲ್ಲ. ಕೊರಿಂಥದಲ್ಲಿ ಬಿಟ್ಟುಕೊಡುವವನು ತನ್ನ ತಟ್ಟೆಯಲ್ಲಿದ್ದದ್ದನ್ನು ಬಿಡುತ್ತಾನೆ. ಅಂತಿಯೋಕ್ಯದಲ್ಲಿ ಪೇತ್ರ ಬಿಟ್ಟುಕೊಟ್ಟದ್ದು ಪಕ್ಕದಲ್ಲಿ ಕೂತು ಉಣ್ಣುತ್ತಿದ್ದ ಮನುಷ್ಯನನ್ನು. ಒಂದು ಅಭಿಪ್ರಾಯಭೇದ, ಇನ್ನೊಂದು ಪಂಕ್ತಿಭೇದ. ನಮ್ಮ ಭಾಷೆಯಲ್ಲಿ ಇವೆರಡಕ್ಕೂ ಬೇರೆ ಬೇರೆ ಮಾತುಗಳಿವೆ. ವ್ಯವಹಾರದಲ್ಲಿ ಅವನ್ನು ಬೇರೆಯಾಗಿ ಕಾಣುವುದಿದೆಯಲ್ಲ, ಕಷ್ಟ ಅಲ್ಲಿದೆ.

ಎಷ್ಟು ಕಷ್ಟ ಎಂಬುದಕ್ಕೆ ಹದಿನೆಂಟನೆಯ ಶತಮಾನದ ಇಬ್ಬರು ಇಂಗ್ಲಿಷ್ ಬೋಧಕರ ಕಥೆ ನೋಡಬಹುದು. ಜಾನ್ ವೆಸ್ಲಿ 1703ರಲ್ಲಿ ಹುಟ್ಟಿದವರು, ಪಾದ್ರಿಯ ಮಗ, ಆಕ್ಸ್‌ಫರ್ಡಿನ ವಿದ್ವಾಂಸ. ಜಾರ್ಜ್ ವೈಟ್‌ಫೀಲ್ಡ್ ಹನ್ನೊಂದು ವರ್ಷಕ್ಕೆ ಕಿರಿಯರು. ಗ್ಲಾಸ್ಟರಿನ ಒಂದು ಛತ್ರದಂಥ ಹೋಟೆಲಿನವರ ಮಗ. ಆಕ್ಸ್‌ಫರ್ಡಿನಲ್ಲಿ ಶ್ರೀಮಂತ ಹುಡುಗರ ಚಾಕರಿ ಮಾಡಿ ಓದಿದವರು. ಮೈಸೂರು ಸೀಮೆಯಲ್ಲಿ ಶಾಲೆಗಳನ್ನು ನಡೆಸಿ, ಅಚ್ಚುಕೂಟವಿಟ್ಟು, 'ವೃತ್ತಾಂತ ಪತ್ರಿಕೆ'ಯನ್ನು ಹೊರಡಿಸಿದ ವೆಸ್ಲಿಯನ್ ಮಿಷನ್ನಿಗೆ ಹೆಸರು ಬಂದದ್ದು ಇವರಲ್ಲಿ ಮೊದಲನೆಯವರಿಂದ. ಎರಡನೆಯವರ ಹೆಸರು ನಮ್ಮಲ್ಲಿ ಅಷ್ಟು ಬಳಕೆಯಲ್ಲಿಲ್ಲ. ಆದರೆ 1739ರಲ್ಲಿ, ಚರ್ಚಿನ ಗೋಡೆಯಾಚೆ ನಿಂತು ಬೋಧಿಸುವುದೇ ಅಮರ್ಯಾದೆಯೆಂದು ಸಂಕೋಚಪಡುತ್ತಿದ್ದ ವೆಸ್ಲಿಯವರನ್ನು ಬ್ರಿಸ್ಟಲಿಗೆ ಕರೆಸಿ, ಗಣಿಯ ಕೂಲಿಗಳಿದ್ದ ಬಯಲಿಗೆ ಇಳಿಸಿದವರು ವೈಟ್‌ಫೀಲ್ಡರು.

ಅದೇ ವರ್ಷ ಇಬ್ಬರಿಗೂ ಒಡಕು ಬಿತ್ತು. ವಿಷಯ ಸಣ್ಣದಲ್ಲ. ಮುಕ್ತಿ ಯಾರಿಗೆ, ನಾಶ ಯಾರಿಗೆ ಎಂಬುದನ್ನು ದೇವರು ಸೃಷ್ಟಿಗೆ ಮುಂಚೆಯೇ ಗೊತ್ತುಮಾಡಿದ್ದಾನೆಂದು ವೈಟ್‌ಫೀಲ್ಡರ ನಂಬಿಕೆ. ದ್ವೈತಸಿದ್ಧಾಂತದಲ್ಲಿ ಮುಕ್ತಿಯೋಗ್ಯ, ನಿತ್ಯಸಂಸಾರಿ, ತಮೋಯೋಗ್ಯ ಎಂದು ಜೀವರನ್ನು ವಿಂಗಡಿಸಿರುವುದನ್ನು ಬಲ್ಲ ನಮ್ಮವರಿಗೆ ಈ ವಾದದ ಬಿಗಿ ತಟ್ಟನೆ ತಿಳಿಯುತ್ತದೆ. ಎಲ್ಲವೂ ದೇವರ ಕೃಪೆ ಎಂದಮೇಲೆ ಮನುಷ್ಯನ ಕೈಯಲ್ಲಿ ಏನನ್ನೂ ಉಳಿಸಬಾರದು ಎಂಬ ವಿನಯ ಅದರ ಹಿಂದೆ ಇದೆ. ವೆಸ್ಲಿಯವರಿಗೆ ಆ ದೇವರು ದೇವರಾಗಿಯೇ ಕಾಣಲಿಲ್ಲ. ಕೃಪೆ ಎಲ್ಲರಿಗೂ ತೆರೆದಿದೆಯೆಂದು ಅವರು ಬ್ರಿಸ್ಟಲಿನಲ್ಲಿ ಪ್ರಸಂಗ ಮಾಡಿದರು. ಅಚ್ಚು ಹಾಕಿಸಬೇಡಿ ಎಂದು ಕಿರಿಯರು ಬೇಡಿಕೊಂಡರು. ಹಿರಿಯರು ಚೀಟಿಯೆತ್ತಿ ನೋಡಿ ಅಚ್ಚು ಹಾಕಿಸಿಯೇಬಿಟ್ಟರು. ವೈಟ್‌ಫೀಲ್ಡರು 1740ರ ಡಿಸೆಂಬರ್ 24ರಂದು ಅಮೆರಿಕದ ಜಾರ್ಜಿಯದಿಂದ ಉತ್ತರ ಬರೆದರು. ಕ್ರಿಸ್‌ಮಸ್ಸಿನ ಹಿಂದಿನ ದಿನ ಕೂತು ಬರೆಯುವ ಪತ್ರವಲ್ಲ ಅದು. ವೆಸ್ಲಿಯವರು ಹಿಂದೊಮ್ಮೆ ಗುಟ್ಟಾಗಿ ಚೀಟಿಯೆತ್ತಿದ್ದ ಸ್ವಂತ ಸಂಗತಿಯೊಂದನ್ನೂ ಅದರಲ್ಲಿ ಬಯಲಿಗೆ ಹಾಕಿದ್ದರು. ಅದಕ್ಕಾಗಿ ಮುಂದೆ ಕ್ಷಮೆ ಕೇಳಿದರು.

1741ರ ಫೆಬ್ರವರಿ 1, ಭಾನುವಾರ. ಲಂಡನ್ನಿನ ಹಳೆಯ ಫಿರಂಗಿ ಕಾರ್ಖಾನೆಯೊಂದನ್ನು ವೆಸ್ಲಿಯವರು ಪ್ರಾರ್ಥನಾಮಂದಿರ ಮಾಡಿಕೊಂಡಿದ್ದರು. ಯಾರೋ ಉತ್ಸಾಹಿಗಳು ವೈಟ್‌ಫೀಲ್ಡರು ವೆಸ್ಲಿಯವರಿಗೆ ಬರೆದಿದ್ದ ಖಾಸಗಿ ಪತ್ರವೊಂದನ್ನು, ಇಬ್ಬರ ಅಪ್ಪಣೆಯೂ ಇಲ್ಲದೆ, ಅಚ್ಚು ಹಾಕಿಸಿ ಬಾಗಿಲಲ್ಲಿ ಹಂಚಿದರು. ವೆಸ್ಲಿಯವರು ಅದರ ಒಂದು ಪ್ರತಿಯನ್ನು ಕೈಯಲ್ಲಿ ಹಿಡಿದು, ವೈಟ್‌ಫೀಲ್ಡರೇ ಇಲ್ಲಿದ್ದರೆ ಏನು ಮಾಡುತ್ತಿದ್ದರೋ ಅದನ್ನೇ ಮಾಡುತ್ತೇನೆಂದು ಹೇಳಿ, ಸಭೆಯ ಮುಂದೆ ಹರಿದುಹಾಕಿದರು. ಪ್ರತಿ ಸಿಕ್ಕವರೆಲ್ಲ ಹರಿದರು. ಎರಡು ನಿಮಿಷದಲ್ಲಿ ಇಡಿಯಾದ ಪ್ರತಿ ಒಂದೂ ಉಳಿಯಲಿಲ್ಲ ಎಂದು ಅವರ ದಿನಚರಿಯಲ್ಲಿದೆ. ಭಿನ್ನಾಭಿಪ್ರಾಯಕ್ಕಿಂತ ಅದನ್ನು ಹಂಚುವವರು ದೊಡ್ಡ ಕೇಡು ಮಾಡುತ್ತಾರೆಂದು ಈ ಪ್ರಸಂಗವನ್ನು ಓದಿದಾಗಲೆಲ್ಲ ನನಗೆ ಅನ್ನಿಸುತ್ತದೆ. ಆದರೂ ಮುಂದಿನ ತಿಂಗಳು ಊರಿಗೆ ಮರಳಿದ ವೈಟ್‌ಫೀಲ್ಡರು, ನೀವು ಬೋಧಿಸುವ ಸುವಾರ್ತೆ ಬೇರೆ, ನಾನು ಬೋಧಿಸುವುದು ಬೇರೆ, ಇನ್ನು ನಿಮಗೆ ನನ್ನ ಕೈ ನೀಡಲಾರೆ ಎಂದು ಮುಖಕ್ಕೆ ಹೇಳಿದರು. ಹರಿದ ಕಾಗದ ಒಂದು ದಿನದ ಉಪಾಯ.

ಕೂಡಿಸಿದ್ದು ಕಾಲ, ಅದಕ್ಕಿಂತಲೂ ಹೆಚ್ಚಾಗಿ, ಒಬ್ಬರಿಗೊಬ್ಬರು ಬೇಕಾದ ಸಂದರ್ಭಗಳು. 1749ರಲ್ಲಿ ವೆಸ್ಲಿಯವರು ಮದುವೆಯಾಗಬೇಕೆಂದಿದ್ದ ಹೆಣ್ಣನ್ನು ಅವರ ಒಡಹುಟ್ಟಿದ ತಮ್ಮನೇ ಮುಂದೆ ನಿಂತು ಬೇರೊಬ್ಬರಿಗೆ ಮದುವೆ ಮಾಡಿಸಿದ. ಆ ಸುದ್ದಿಯನ್ನು ಹೇಳಿ, ಜೊತೆಗೆ ಕೂತು ಅತ್ತು, ಮುಖ ನೋಡಲೊಲ್ಲದ ಅಣ್ಣತಮ್ಮಂದಿರನ್ನು ಒಂದುಮಾಡಲು ದುಡಿದವರು ವೈಟ್‌ಫೀಲ್ಡರು. ಮುಂದಿನ ಜನವರಿಯಲ್ಲಿ ಒಂದೇ ಆರಾಧನೆಯಲ್ಲಿ ಒಬ್ಬರು ಪ್ರಾರ್ಥನೆ ಓದಿದರು, ಇನ್ನೊಬ್ಬರು ಬೋಧಿಸಿದರು. ಮುಕ್ತಿಯ ವಿಷಯದಲ್ಲಿ ಇಬ್ಬರೂ ಒಂದು ಕೂದಲೆಳೆಯಷ್ಟೂ ಸರಿದಿರಲಿಲ್ಲ. 1770ರ ಸೆಪ್ಟೆಂಬರ್ 30ರಂದು ವೈಟ್‌ಫೀಲ್ಡರು ಅಮೆರಿಕದಲ್ಲಿ ತೀರಿಕೊಂಡಾಗ, ಮರಣಪ್ರಸಂಗವನ್ನು ವೆಸ್ಲಿಯವರೇ ಮಾಡಬೇಕೆಂಬುದು ಮೊದಲೇ ಗೊತ್ತಾಗಿದ್ದ ಮಾತು. ನವೆಂಬರ್ 18ರಂದು ಅವರು ಮಾಡಿದರು.

ಈ ನಡುವೆ, 1750ರಲ್ಲಿ, ವೆಸ್ಲಿಯವರು ಈ ವಿಷಯವನ್ನೇ ಕುರಿತ ಒಂದು ಪ್ರಸಂಗವನ್ನು ಪ್ರಕಟಿಸಿದ್ದರು. ಹಳೆಯ ಒಡಂಬಡಿಕೆಯಲ್ಲಿ ಯೇಹು ಎಂಬ ಅರಸ ದಾರಿಯಲ್ಲಿ ಎದುರಾದ ಯೆಹೋನಾದಾಬನನ್ನು ಹೃದಯ ಸರಿಯಿದೆಯೇ ಎಂದು ಕೇಳಿ ಕೈ ನೀಡಿ ರಥಕ್ಕೆ ಹತ್ತಿಸಿಕೊಳ್ಳುವ ಸಂದರ್ಭವೇ ಅದಕ್ಕೆ ಆಧಾರ. ನಮ್ಮೆಲ್ಲರ ಯೋಚನೆ ಒಂದೇ ಆಗಲಾರದು, ಆದರೂ ಪ್ರೀತಿ ಒಂದೇ ಆಗಬಹುದು. ಹಾಗೆಂದು ಎಲ್ಲ ಮತವೂ ಒಂದೇ ಎಂಬ ಔದಾಸೀನ್ಯವನ್ನು ಪ್ರೀತಿಯೆಂದು ಕರೆಯಬಾರದು ಎಂಬುದು ಅದರ ಸಾರ. ಉತ್ತಮವಾದ ಪ್ರಸಂಗ. ಯೇಹುವಿನ ಆ ರಥ ಹೊರಟದ್ದು ಎಲ್ಲಿಗೆ ಎಂಬುದನ್ನು ಮಾತ್ರ ನನಗೆ ಮರೆಯಲಾಗುವುದಿಲ್ಲ. ಅದು ಹೊರಟದ್ದು ಕೊಲೆಗೆ. ಒಂದೇ ಹೃದಯದ ಇಬ್ಬರು ಗೆಳೆಯರು ಸೇರಿ ಕೂತ ರಥ ಸಮಾರ್ಯಕ್ಕೆ ಹೋಗಿ ಅಲ್ಲಿ ಉಳಿದಿದ್ದ ಹಳೆಯ ಅರಸನ ಕಡೆಯವರನ್ನು ಮುಗಿಸಿತು. ಯೇಹು ಬೆರಕೆಯ ಗುಣದವನೆಂದು ವೆಸ್ಲಿಯವರೂ ಒಪ್ಪಿಕೊಂಡು ಮುಂದೆ ಹೋಗುತ್ತಾರೆ. ಇಬ್ಬರ ಪ್ರೀತಿಯನ್ನು ಅಳೆಯುವಾಗ ರಥದಡಿಗೆ ಯಾರು ಸಿಕ್ಕರು ಎಂದೂ ನೋಡಬೇಕಾಗುತ್ತದೆ.

ಇಲ್ಲೂ ಸಿಕ್ಕವರಿದ್ದರು. ಜಾರ್ಜಿಯದಲ್ಲಿ ವೈಟ್‌ಫೀಲ್ಡರು ನಡೆಸುತ್ತಿದ್ದ ಅನಾಥಾಲಯಕ್ಕೆ ಹಣ ಸಾಲುತ್ತಿರಲಿಲ್ಲ. ಆ ಸೀಮೆಯಲ್ಲಿ ಗುಲಾಮರನ್ನು ಇಟ್ಟುಕೊಳ್ಳುವುದಕ್ಕೆ ನಿಷೇಧವಿತ್ತು. 1740ರಲ್ಲಿ ಗುಲಾಮರ ಮೇಲಿನ ಕ್ರೌರ್ಯವನ್ನು ಖಂಡಿಸಿ ಒಡೆಯರಿಗೆ ಬಹಿರಂಗ ಪತ್ರ ಬರೆದಿದ್ದ ಅದೇ ವೈಟ್‌ಫೀಲ್ಡರು ಆ ನಿಷೇಧವನ್ನು ತೆಗೆಯಬೇಕೆಂದು ವಾದಿಸಿದರು. ಪಕ್ಕದ ಸೀಮೆಯಲ್ಲಿ ಗುಲಾಮರಿಂದ ದುಡಿಸುವ ಹೊಲಗಳನ್ನು ಕೊಂಡರು. 1751ರಲ್ಲಿ ನಿಷೇಧ ಹೋಯಿತು. ಸಾಯುವಾಗ ಅನಾಥಾಲಯದ ಆಸ್ತಿಯ ಜೊತೆಗೆ ಆ ಗುಲಾಮರನ್ನೂ ಒಬ್ಬ ಶ್ರೀಮಂತ ಮಹಿಳೆಗೆ ಉಯಿಲಿನಲ್ಲಿ ಬಿಟ್ಟುಹೋದರು. ಲಂಡನ್ನಿನ ಮರಣಪ್ರಸಂಗದಲ್ಲಿ ಇದರ ಮಾತಿಲ್ಲ. ನಾಲ್ಕು ವರ್ಷದ ಮೇಲೆ, 1774ರಲ್ಲಿ, ಗುಲಾಮಗಿರಿಯ ವಿರುದ್ಧ ಉರಿಯುವ ಪುಸ್ತಿಕೆಯೊಂದನ್ನು ಬರೆದವರು ಇದೇ ವೆಸ್ಲಿಯವರು. 1791ರಲ್ಲಿ ಸಾಯುವುದಕ್ಕೆ ಕೆಲವು ದಿನ ಮುಂಚೆಯೂ, ಗುಲಾಮರ ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸರಿಗೆ ಧೈರ್ಯ ಹೇಳಿ ಪತ್ರ ಬರೆದರು.

ಎರಡನ್ನೂ ತೂಗಿ ನೋಡಿ. ದೇವರ ನಿರ್ಣಯವನ್ನು ಕುರಿತು ಇಬ್ಬರೂ ಜಗಳವಾಡಿದರು, ಅಚ್ಚು ಹಾಕಿಸಿದರು, ಮಾತು ಬಿಟ್ಟರು, ಮತ್ತೆ ಕೂಡಿದರು. ಮನುಷ್ಯರನ್ನು ಕೊಂಡು ಮಾರುವ ವಿಷಯ ಮಾತ್ರ ಅವರ ಜಗಳಗಳ ಪಟ್ಟಿಗೇ ಬರಲಿಲ್ಲ. ಸಿದ್ಧಾಂತದ ಗುರುತ್ವವನ್ನೇ ಅಳತೆಗೋಲಾಗಿ ಹಿಡಿದವರಿಗೆ ಇದು ಆಗುತ್ತದೆ. ದೇವರನ್ನು ಕುರಿತ ಮಾತು ದೊಡ್ಡದು, ಆಳುಕಾಳಿನ ಮಾತು ಸಣ್ಣದು ಎಂದೆಣಿಸುತ್ತಾರೆ. ಪೌಲನ ಅಳತೆಯಲ್ಲಾದರೆ ಲೆಕ್ಕ ತಿರುವುಮುರುವು. ಮುಕ್ತಿಯ ವಾದದಿಂದ ವೆಸ್ಲಿಯವರ ಪಕ್ಕದಲ್ಲಿ ಕೂತು ಉಣ್ಣುವುದಕ್ಕೆ ವೈಟ್‌ಫೀಲ್ಡರಿಗೆ ಅಡ್ಡಿಯಿರಲಿಲ್ಲ. ಹೊಲದಲ್ಲಿ ದುಡಿಯುತ್ತಿದ್ದವನಿಗೆ ಆ ಪಂಕ್ತಿಯಲ್ಲಿ ಎಲೆಯೇ ಇರಲಿಲ್ಲ. ಜಗಳವಾಡಬೇಕಾಗಿದ್ದದ್ದು ಇಲ್ಲಿ.

ದೂರದ ದೇಶದವರ ಹುಳುಕನ್ನು ಎತ್ತಿ ತೋರಿಸುವುದು ಸುಲಭ. ನಮ್ಮ ದಕ್ಷಿಣದ ಸಭೆಗಳಲ್ಲಿ ಇದಕ್ಕೆ ಬೇರೆ ಹೆಸರಿತ್ತು. ಮದರಾಸು, ತಂಜಾವೂರುಗಳ ಕ್ರೈಸ್ತರಲ್ಲಿ ವೆಳ್ಳಾಳರು ಒಂದು ಕಡೆ, ಹೊಲಗೇರಿಯಿಂದ ಬಂದವರು ಇನ್ನೊಂದು ಕಡೆ ಕೂರುತ್ತಿದ್ದರು. ಕರ್ತನ ಭೋಜನದಲ್ಲೂ ಮೊದಲು ಇವರು, ಆಮೇಲೆ ಅವರು. ಹಳೆಯ ಮಿಷನರಿಗಳು, ಇದು ಲೌಕಿಕದ ಮರ್ಯಾದೆ, ಕಾಲಕ್ರಮದಲ್ಲಿ ಕರಗುತ್ತದೆ, ಪ್ರೀತಿಯಿಂದ ಸಹಿಸೋಣ ಎಂದಿದ್ದರು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಜಾತಿ ಕೂಡದೆಂದು ಸುತ್ತೋಲೆ ಹೊರಡಿಸಿದರು. ನೂರಾರು ಜನ ಚರ್ಚು ಬಿಟ್ಟು ನಡೆದರು. ತಂಜಾವೂರಿನ ಭಕ್ತಕವಿ ವೇದನಾಯಕ ಶಾಸ್ತ್ರಿಗಳಂಥ ಶ್ರೇಷ್ಠರು, ಕ್ರೈಸ್ತರ ಹಾಡುಗಳಿಗೆ ತಮಿಳಿನ ಸೊಗಸು ತಂದವರು, ಜಾತಿಯ ಪಕ್ಷದಲ್ಲಿ ನಿಂತು ವಾದಿಸಿದರು. ಹೊರದೇಶದಿಂದ ಬಂದ ಧರ್ಮಾಧಿಕಾರಿ ಒಂದು ಕಾಗದದಿಂದ ನಮ್ಮ ಬಾಳನ್ನು ತಿದ್ದಹೊರಟದ್ದು ಸರಿಯೆ ಎಂದು ಅವರು ಸಿಟ್ಟಾದದ್ದು ನನಗೆ ಅರ್ಥವಾಗುತ್ತದೆ. ಆದರೆ ಸಹನೆಯ ಮಾತನಾಡಿದವರೆಲ್ಲ ಯಾರೊಡನೆ ಸಹನೆ ತೋರಿಸುತ್ತಿದ್ದರು ಎಂದು ಕೇಳಿದರೆ, ಮೊದಲು ಪಾತ್ರೆ ಮುಟ್ಟುವವರೊಡನೆ. ಎರಡನೆಯ ಸಾಲಿನಲ್ಲಿ ಕಾದಿದ್ದವನನ್ನು ಯಾರೂ ಸಹನೆಗೆ ಅರ್ಹನೆಂದು ಎಣಿಸಿರಲಿಲ್ಲ. ಸಹಿಸುವ ಕೆಲಸವನ್ನು ಅವನಿಗೇ ಬಿಟ್ಟಿದ್ದರು. ಈ ಸಾಲು ಇಂದಿಗೂ ಎಲ್ಲ ಕಡೆ ಅಳಿಸಿಹೋಗಿಲ್ಲವೆಂಬುದನ್ನು, ಮದುವೆಯ ಸಂಬಂಧ ಹುಡುಕುವ ಕ್ರೈಸ್ತರ ಮಾತನ್ನು ಕೇಳಿದವರು ಬಲ್ಲರು.

ಹಾಗಾದರೆ ಉಳಿದ ಭೇದಗಳ ಗತಿ? ಅವನ್ನೂ ಬಿಗಿಹಿಡಿದು, ಪಂಕ್ತಿಯನ್ನೂ ಒಡೆಯದೆ ಬಾಳುವುದು ಆಗುವ ಕೆಲಸವೆ? ದಕ್ಷಿಣ ಭಾರತದಲ್ಲೇ ಅದಕ್ಕೊಂದು ಪ್ರಯತ್ನ ನಡೆಯಿತು. 1919ರಲ್ಲಿ ತರಂಗಂಬಾಡಿಯಲ್ಲಿ ಕೆಲವರು ಬೋಧಕರು, ಬಹುಪಾಲು ಭಾರತೀಯರೇ, ಸೇರಿ ಒಂದು ಮಾತು ಹೇಳಿದರು: ನಮ್ಮನ್ನು ಬೇರ್ಪಡಿಸಿರುವ ಜಗಳಗಳು ನಾವು ಹೂಡಿದವಲ್ಲ, ಬೇರೆ ದೇಶದಿಂದ ಹಡಗಿನಲ್ಲಿ ಬಂದವು. ಅವರ ಮುಂದಾಳು ವಿ. ಎಸ್. ಅಜರಯ್ಯ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಅಲ್ಲಿಂದ ಮುಂದೆ ಇಪ್ಪತ್ತೆಂಟು ವರ್ಷ ಮಾತುಕತೆ. ಬಿಷಪ್ಪನ ಕೈಯಿಂದ ದೀಕ್ಷೆ ಹೊಂದದವನು ಬೋಧಕನೇ ಅಲ್ಲ ಎನ್ನುವವರು ಒಂದು ಕಡೆ. ಬಿಷಪ್ಪನೆಂಬ ಹೆಸರು ಕೇಳಿದರೆ ಅಜ್ಜಂದಿರ ಕಾಲದ ಹಿಂಸೆಯನ್ನು ನೆನೆಯುವ ಮಿಷನ್ನುಗಳ ಮಕ್ಕಳು ಇನ್ನೊಂದು ಕಡೆ. ದೀಕ್ಷೆ ಪಡೆಯದ ಗೃಹಸ್ಥನು ಕರ್ತನ ಭೋಜನ ನಡೆಸಬಹುದೆ ಎಂಬಲ್ಲಿ ಎಲ್ಲವೂ ಮುರಿದುಬೀಳುವಂತಾಗಿತ್ತು. ಲಂಡನ್ನಿನಲ್ಲಿ ಕೂತ ಕವಿ ಟಿ. ಎಸ್. ಎಲಿಯಟ್ಟರು 1943ರಲ್ಲಿ ಈ ಐಕ್ಯದ ವಿರುದ್ಧ ಒಂದು ಪುಸ್ತಿಕೆಯನ್ನೇ ಬರೆದರು. ಅಜರಯ್ಯನವರು 1945ರ ಮೊದಲ ದಿನ ತೀರಿಕೊಂಡರು. 1947ರ ಸೆಪ್ಟೆಂಬರ್ 27ರಂದು, ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರವಾಗಿತ್ತು, ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ಆಂಗ್ಲಿಕನ್ನರು, ಮೆಥೊಡಿಸ್ಟರು, ಅದಕ್ಕೆ ಮೊದಲೇ ಒಂದಾಗಿದ್ದ ಪ್ರೆಸ್ಬಿಟೀರಿಯನ್ ಮತ್ತು ಕಾಂಗ್ರಿಗೇಷನಲ್ ಪಂಗಡದವರು ಕೂಡಿ ದಕ್ಷಿಣ ಭಾರತ ಸಭೆಯಾದರು. ನಮ್ಮ ಮೈಸೂರು ಸೀಮೆಯ ವೆಸ್ಲಿಯನ್ನರೂ ಅಂದು ಅದರೊಳಗೆ ಬಂದರು.

ಆ ಸಭೆಯ ಕಟ್ಟಳೆಯಲ್ಲಿ ನನಗೆ ಮೆಚ್ಚಿಗೆಯಾದದ್ದು ಒಂದು ಪ್ರತಿಜ್ಞೆ. ಒಂದು ಊರಿನ ಸಭೆಗೆ ರೂಢಿಯಿಲ್ಲದ ಆರಾಧನಾಕ್ರಮವನ್ನಾಗಲಿ, ಅದರ ಮನಸ್ಸಾಕ್ಷಿ ಒಪ್ಪದ ರೀತಿಯಲ್ಲಿ ದೀಕ್ಷೆ ಪಡೆದ ಬೋಧಕನನ್ನಾಗಲಿ ಮೇಲಿನವರು ಹೇರುವುದಿಲ್ಲ ಎಂಬುದು ಅದರ ತಾತ್ಪರ್ಯ. ಹಳೆಯ ಬೋಧಕರಿಗೆ ಮರುದೀಕ್ಷೆಯ ಅವಮಾನವಿಲ್ಲ. ಮೂವತ್ತು ವರ್ಷ ಎರಡು ಬಗೆಯವರೂ ಜೊತೆಯಲ್ಲಿ ನಡೆಯಲಿ, ಆಮೇಲೆ ನೋಡೋಣ ಎಂದರು. ವಾದದಲ್ಲಿ ಗೆಲುವು ಯಾರದೆಂದು ಅಲ್ಲಿ ಬರೆದಿಲ್ಲ. ಬಲವಿದ್ದವರು ಏನು ಮಾಡತಕ್ಕದ್ದಲ್ಲವೆಂದು ಬರೆದಿದೆ. ಇಷ್ಟಾದರೂ ನಂದ್ಯಾಲದ ಆಂಗ್ಲಿಕನ್ನರು ಮನಸ್ಸಾಕ್ಷಿ ಒಪ್ಪದೆಂದು ಹೊರಗುಳಿದರು. ಅವರೂ ಕೂಡಿಬರಲು ಕಾಲು ಶತಮಾನಕ್ಕೂ ಹೆಚ್ಚು ಹಿಡಿಯಿತು. ಆ ಸಭೆಯಲ್ಲಿ ಆಮೇಲೆ ಆಸ್ತಿಯ ಜಗಳ, ಚುನಾವಣೆಯ ಜಗಳ, ಕೋರ್ಟು ಕಚೇರಿ ಇಲ್ಲದೆ ಇಲ್ಲ. ಅದು ದೇವರ ನಿರ್ಣಯವನ್ನು ಕುರಿತ ಜಗಳವಲ್ಲವೆಂಬುದಷ್ಟೇ ಸಮಾಧಾನ. ಅಥವಾ ಅದೇ ದುಃಖ.

ಕಟ್ಟಳೆ ಮನೆಯೊಳಕ್ಕೆ ಬರುವುದಿಲ್ಲ. ನನ್ನ ಚಿಕ್ಕಮ್ಮನ ಕಿರಿಮಗ ಕೆಲಸಕ್ಕೆ ಸೇರಿದ ಮೇಲೆ ಬೇರೊಂದು ಸಭೆಗೆ ಹೋಗತೊಡಗಿದ. ಹಸುಗೂಸಿನ ತಲೆಗೆ ನೀರು ಹಾಕಿದ್ದು ದೀಕ್ಷಾಸ್ನಾನವಾಗುವುದಿಲ್ಲ, ನಂಬಿದವನು ತಾನಾಗಿ ನೀರಿನಲ್ಲಿ ಮುಳುಗಿ ಏಳಬೇಕು ಎಂಬುದು ಅವರ ಬೋಧನೆ. ಅವನು ಮುಳುಗಿ ಎದ್ದು ಬಂದ. ಸತ್ಯವೇದವನ್ನು ಚೆನ್ನಾಗಿ ಓದಿದ ಹುಡುಗ. ವಾದಕ್ಕೆ ನಿಂತರೆ ನಾನು ಸುಲಭವಾಗಿ ಗೆಲ್ಲಲಾರೆ. ಚಿಕ್ಕಮ್ಮ ವಾದಿಸಲಿಲ್ಲ. "ನಿನ್ನನ್ನು ಎತ್ತಿಕೊಂಡು ನಿಂತು ದೇವರಿಗೆ ಮಾತು ಕೊಟ್ಟೆನಲ್ಲ ಮಗೂ, ಅದು ಏನೂ ಅಲ್ಲವೆ?" ಎಂದು ಒಂದು ಸಲ ಕೇಳಿದರು. ಅವನು, "ನಿನ್ನ ಪ್ರೀತಿ ಸುಳ್ಳಲ್ಲಮ್ಮ, ಆದರೆ ಅದು ಸ್ನಾನವಲ್ಲ" ಎಂದ. ಇಬ್ಬರ ಮಾತೂ ನಿಜವಾಗಿತ್ತು. ಆ ನಿಜ ಇಬ್ಬರನ್ನೂ ಬಹಳ ದಿನ ನೋಯಿಸಿತು.

ಅವನ ಸಭೆಯವರಿಗೆ ಕ್ರಿಸ್‌ಮಸ್ ಇಲ್ಲ. ಚಿಕ್ಕಮ್ಮ ಡಿಸೆಂಬರಿನಲ್ಲಿ ಕಜ್ಜಾಯ, ಕರ್ಜಿಕಾಯಿ ಮಾಡುವುದನ್ನು ನಿಲ್ಲಿಸಲಿಲ್ಲ. ಅವನು ಹಬ್ಬವೆಂದು ತಿನ್ನುವುದಿಲ್ಲ. ಆದರೆ ಮೊಣಕಾಲು ನೋವಿನ ತಾಯಿ ಬೀದಿ ಸುತ್ತಬಾರದೆಂದು ಡಬ್ಬಿಗಳನ್ನು ಅಕ್ಕಪಕ್ಕದ ಮನೆಗಳಿಗೆ ಒಯ್ದು ಕೊಟ್ಟು ಬರುತ್ತಾನೆ. "ಹಬ್ಬದ ಶುಭಾಶಯ ಹೇಳಿದೆಯೇನೋ?" ಎಂದರೆ, "ಅಮ್ಮ ಹೇಳಿದ್ದಾರೆ ಎಂದೆ" ಎನ್ನುತ್ತಾನೆ. ನಗು ಬರುತ್ತದೆ. ಅವನಿಗೂ ಬರುತ್ತದೆ.

ಹೋದ ವರ್ಷ ಅವನಿಗೆ ಹೆಣ್ಣುಮಗುವಾಯಿತು. ದೊಡ್ಡವಳಾಗಿ ಅವಳೇ ಕೇಳುವ ತನಕ ಸ್ನಾನ ಮಾಡಿಸುವುದಿಲ್ಲವೆಂದ. ಚಿಕ್ಕಮ್ಮನ ನಂಬಿಕೆಯಲ್ಲಿ ಇದು ಸಣ್ಣ ಮಾತಲ್ಲ. ಅವರ ಮೊದಲ ಮಗು ಸ್ನಾನಕ್ಕೆ ಮುಂಚೆಯೇ, ಇಪ್ಪತ್ತು ದಿನಕ್ಕೆ, ತೀರಿಕೊಂಡಿತ್ತು. ಆ ನೋವಿಗ ಐವತ್ತು ವರ್ಷವಾದರೂ ಅವರಲ್ಲಿ ಮಾಗಿಲ್ಲ. ಮಗುವಿನ ತಂದೆತಾಯಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಮಗು ಹಗಲೆಲ್ಲ ಇವರ ಮಡಿಲಲ್ಲೇ ಇರುತ್ತದೆ. ನೆಂಟರಲ್ಲಿ ಒಬ್ಬರು, ಒಂದು ಮಧ್ಯಾಹ್ನ ಪಾದ್ರಿಯವರನ್ನು ಮನೆಗೇ ಕರೆಸಿ ಸದ್ದಿಲ್ಲದೆ ಮುಗಿಸಿಬಿಡಿ, ಅವನಿಗೇಕೆ ತಿಳಿಯಬೇಕು, ಎಂದು ಸೂಚಿಸಿದರು. ನಾನೂ ಅಲ್ಲಿದ್ದೆ. ಚಿಕ್ಕಮ್ಮ ಬಹಳ ಹೊತ್ತು ಸುಮ್ಮನಿದ್ದರು. ಆಸೆಯಿತ್ತು, ಮುಖದಲ್ಲಿ ಕಾಣುತ್ತಿತ್ತು. ಆಮೇಲೆ, "ಬೇಡ. ಅವನಿಗೆ ಗೊತ್ತಿಲ್ಲದೆ ಮಾಡಿದರೆ ಅದು ಮಗುವಿಗೆ ಮಾಡಿದ ಸ್ನಾನವಾಗುವುದಿಲ್ಲ, ಅವನಿಗೆ ಮಾಡಿದ ಮೋಸವಾಗುತ್ತದೆ" ಎಂದರು.

ಮಗುವನ್ನು ಚರ್ಚಿಗೆ ಕರೆದುಕೊಂಡು ಹೋಗಬಹುದೆ ಎಂದು ಮಗನನ್ನೇ ಕೇಳಿದರು. ಕರೆದುಕೊಂಡು ಹೋಗಮ್ಮ ಎಂದ. ಈಗ ಭಾನುವಾರ ಬೆಳಗ್ಗೆ ಅವನು ತನ್ನ ಸಭೆಗೆ ಹೋಗುವ ದಾರಿಯಲ್ಲಿ ಇಬ್ಬರನ್ನೂ ಚರ್ಚಿನ ಗೇಟಿನ ಹತ್ತಿರ ಇಳಿಸಿ ಹೋಗುತ್ತಾನೆ. ಮಗು ಅಂಬೆಗಾಲಿಡುತ್ತದೆ, ಪ್ರಸಂಗ ಉದ್ದವಾದರೆ ಚಿಕ್ಕಮ್ಮ ಅದನ್ನು ಎತ್ತಿಕೊಂಡು ಹೊರಗೆ ಬಂದು, ಮಾವಿನ ಮರದ ಕಟ್ಟೆಯ ಮೇಲೆ ಕೂತು ಬಾಳೆಹಣ್ಣು ತಿನ್ನಿಸುತ್ತಾರೆ.